ಮಳೆ ಕೈಕೊಟ್ಟದ್ದು ಸಿಬಿಲ್‌ಗೆ ಗೊತ್ತಾಗುವುದು ಹೇಗೆ?

‘ನಿಮ್ಮ ಸಿಬಿಲ್ ಸರಿಯಿಲ್ಲ ಯಜಮಾನ್ರೇ, ಲೋನ್ ಆಗಲ್ಲ.’

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಹೋಬಳಿಯಲ್ಲಿ ಟ್ರ್ಯಾಕ್ಟರಿಗೋ ಕೊಳವೆಬಾವಿಗೋ ಮಗಳ ನರ್ಸಿಂಗ್ ಓದಿಗೋ ಸಾಲ ಕೇಳಲು ಹೋದವರಿಗೆ ಈ ಮಾತು ಹೊಸದಲ್ಲ. ಪಹಣಿ, ಆಧಾರ್, ಪಾನ್, ಫೋಟೊ ಎಲ್ಲ ಜೋಡಿಸಿಕೊಂಡು ಹೋದವರು ಈ ಒಂದು ಮಾತಿಗೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ವಾಪಸ್ಸು ಬರುತ್ತಾರೆ. ಸಿಬಿಲ್ ಎಂದರೆ ಏನು, ಅದರಲ್ಲಿ ತಮ್ಮ ಬಗ್ಗೆ ಏನು ಬರೆದಿದೆ, ಬರೆದವರು ಯಾರು ಎಂದು ಕೇಳುವ ಧೈರ್ಯ ಹೆಚ್ಚಿನವರಿಗೆ ಬರುವುದಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಸಿಗುತ್ತಾರೆ. ‘ದುಡ್ಡು ಕೊಡಿ, ಹದಿನೈದು ದಿನದಲ್ಲಿ ಸಿಬಿಲ್ ಕ್ಲೀನ್ ಮಾಡಿಸಿ ಕೊಡ್ತೀನಿ’ ಎನ್ನುತ್ತಾರೆ. ಮೊದಲೇ ಸೋತವರು ಅವರಿಗೂ ಒಂದಷ್ಟು ಕೊಡುತ್ತಾರೆ.

ಕೊಡಬೇಕಾಗಿಲ್ಲ. ವರದಿಯಲ್ಲಿ ತಪ್ಪಿದ್ದರೆ ಅದನ್ನು ತಿದ್ದಿಸುವುದು ನಮ್ಮ ಹಕ್ಕು, ಅದಕ್ಕೆ ಒಂದು ರೂಪಾಯಿಯೂ ಬೇಡ. ಬರೆದದ್ದು ನಿಜವಾಗಿದ್ದರೆ ಯಾವ ಏಜೆಂಟನೂ ಅಳಿಸಲಾರ. ಈ ಎರಡು ಮಾತಿನ ನಡುವೆ ಮಾಡಬಹುದಾದ ಕೆಲಸ ಬಹಳಷ್ಟಿದೆ, ಎಲ್ಲವೂ ಸಾಲಗಾರ ತಾನೇ ಮಾಡಿಕೊಳ್ಳಬಹುದಾದ ಕೆಲಸ.

ಮೊದಲು ಈ ಸಿಬಿಲ್ ಯಾರು ಎಂಬುದು. 2000ದಲ್ಲಿ ಶುರುವಾದ ಕ್ರೆಡಿಟ್ ಇನ್‌ಫರ್ಮೇಷನ್ ಬ್ಯೂರೊ (ಇಂಡಿಯಾ) ಲಿಮಿಟೆಡ್ ಎಂಬ ಕಂಪನಿಯ ಮೊದಲಕ್ಷರಗಳೇ ಸಿಬಿಲ್. ಈಗ ಅದು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೊಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ಇನ್ನೂ ಮೂರು ಕಂಪನಿಗಳಿವೆ. ನಾಲ್ಕೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ನಿಗಾದಲ್ಲಿ ನಡೆಯುತ್ತವೆ. ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೊಫೈನಾನ್ಸ್‌ಗಳು ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಇವುಗಳಿಗೆ ಕಳಿಸಲೇಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು, 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂದು ನಿಯಮವಾಯಿತು. ಆ ಲೆಕ್ಕದ ಮೇಲೆ 300ರಿಂದ 900ರವರೆಗೆ ಒಂದು ಅಂಕ ಬೀಳುತ್ತದೆ. ಸಾಲ ಕೊಡುವುದು, ಬಿಡುವುದು ಸಿಬಿಲ್ ಕಂಪನಿಯ ಕೈಯಲ್ಲಿಲ್ಲ. ಅದು ಬ್ಯಾಂಕು ಬರೆದು ಕಳಿಸಿದ್ದನ್ನು ಇಟ್ಟುಕೊಂಡು, ಕೇಳಿದ ಬ್ಯಾಂಕಿಗೆ ತೋರಿಸುತ್ತದೆ, ಅಷ್ಟೆ. ಹಾಗಾಗಿ ತಪ್ಪು ತಿದ್ದುವ ಕೆಲಸವೂ ಕೊನೆಗೆ ಸಾಲ ಕೊಟ್ಟ ಸಂಸ್ಥೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಸಾಲ ಕೊಡುವವರಿಗೆ ಸಾಲಗಾರನ ಹಿನ್ನೆಲೆ ಬೇಕೆನ್ನುವುದು ತಪ್ಪಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ಈ ಪ್ರಶ್ನೆ ಇತ್ತು. ಆದರೆ ಅಂಥ ಸಂಘದಲ್ಲಿ ಸಾಲ ಮಂಜೂರು ಮಾಡುವವರು ಅದೇ ಊರಿನವರು. ಯಾರ ಹೊಲ ಒಣಗಿತು, ಯಾರ ಎತ್ತು ಸತ್ತಿತು, ಯಾರು ದುಡ್ಡಿದ್ದೂ ಕಟ್ಟಲಿಲ್ಲ ಎಂಬುದು ಅವರ ಕಣ್ಣೆದುರಿಗೇ ಇತ್ತು. ಇವತ್ತಿನ ಅಂಕಕ್ಕೆ ಆ ಕಣ್ಣಿಲ್ಲ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಮಾರನೆಯ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಚಿತ್ರದುರ್ಗ ಜಿಲ್ಲೆಯೂ ಅದರಲ್ಲಿತ್ತು. ಮೆಕ್ಕೆಜೋಳ ಕೈಗೆ ಬರದೆ, ಅಡಿಕೆ ತೋಟ ಉಳಿಸಲು ಟ್ಯಾಂಕರಿನಲ್ಲಿ ನೀರು ಹೊಡೆದು ಕಂತು ತಪ್ಪಿಸಿದವನೂ, ಬೇಕೆಂದೇ ಕಟ್ಟದವನೂ ಆ ವರದಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ಆದರೆ ವರದಿಯೊಳಗೆ ಮಳೆಗಾಗಿಯೂ ಒಂದು ಜಾಗ ಇದೆ, ಅದನ್ನು ಕೇಳಿ ಬರೆಸಿಕೊಳ್ಳಬೇಕು. ಅದರ ಮಾತು ಮುಂದೆ ಬರುತ್ತದೆ.

ಮೊದಲ ಕೆಲಸ ವರದಿ ತರಿಸಿಕೊಳ್ಳುವುದು. ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಅಂಕದ ಸಮೇತ ಉಚಿತವಾಗಿ ಕೊಡಬೇಕು. 2017ರಿಂದ ಇದು ಕಡ್ಡಾಯ. ಆ ಕಂಪನಿಗಳ ಸ್ವಂತ ಜಾಲತಾಣದಲ್ಲಿಯೇ ಪಾನ್ ಸಂಖ್ಯೆ, ಹುಟ್ಟಿದ ದಿನ, ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ, ವರದಿ ಸಿಗುತ್ತದೆ. ‘ಪದೇ ಪದೇ ನೋಡಿದರೆ ಸಿಬಿಲ್ ಬೀಳುತ್ತದೆ’ ಎಂಬ ಮಾತು ಹಳ್ಳಿಹಳ್ಳಿಯಲ್ಲಿ ಓಡಾಡುತ್ತಿದೆ. ನಮ್ಮ ವರದಿ ನಾವು ನೋಡಿದರೆ ಅಂಕ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ನಾಲ್ಕಾರು ಕಡೆ ಒಟ್ಟಿಗೆ ಸಾಲಕ್ಕೆ ಅರ್ಜಿ ಹಾಕಿದಾಗ. ಒಂದು ಬ್ಯಾಂಕು ಇಲ್ಲ ಎಂದ ಕೂಡಲೇ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗದ ಶೋರೂಮುಗಳಲ್ಲೆಲ್ಲ ಅರ್ಜಿ ಕೊಟ್ಟು ಬಂದರೆ ಪ್ರತಿಯೊಂದು ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ಮೊಬೈಲ್ ಬಳಸಲು ಬಾರದವರು ಮನೆಯ ಓದಿದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮಾಡಿಸುವುದು ಒಳ್ಳೆಯದು. ಸೈಬರ್ ಸೆಂಟರಿನಲ್ಲಿ ಮಾಡಿಸಿದರೆ ಒಟಿಪಿಯನ್ನು ನೀವೇ ಒತ್ತಿ, ಪ್ರಿಂಟ್ ತೆಗೆದ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ವರದಿ ಅಳಿಸಿಸಿ. ಅದರಲ್ಲಿ ನಿಮ್ಮ ಪಾನ್, ವಿಳಾಸ, ಸಾಲದ ಖಾತೆಗಳ ವಿವರ ಎಲ್ಲವೂ ಇರುತ್ತದೆ.

ವರದಿ ಇಂಗ್ಲಿಷಿನಲ್ಲಿದೆ ಎಂದು ಹೆದರಬೇಕಿಲ್ಲ. ನೋಡಬೇಕಾದ್ದು ಕೆಲವೇ ಜಾಗಗಳು. ಹೆಸರು, ಹುಟ್ಟಿದ ದಿನ, ಪಾನ್ ನಿಮ್ಮದೇ ಹೌದೋ ಎಂದು ಮೊದಲು ನೋಡಿ. ಆಮೇಲೆ ಒಂದೊಂದೇ ಸಾಲದ ಖಾತೆ: ಅದು ನೀವು ಎತ್ತಿದ ಸಾಲವೇ, ಬಾಕಿ ಎಷ್ಟು ತೋರಿಸಿದೆ, ತೀರಿದ ಸಾಲಕ್ಕೆ ‘ಕ್ಲೋಸ್ಡ್’ ಎಂದು ಬಂದಿದೆಯೇ. ಪ್ರತಿ ಖಾತೆಯ ಕೆಳಗೆ ಸುಮಾರು 36 ತಿಂಗಳ ಚೌಕಗಳಿರುತ್ತವೆ. ಅವುಗಳಲ್ಲಿರುವ ಅಂಕಿ ಕಂತು ಎಷ್ಟು ದಿನ ತಡವಾಯಿತು ಎಂಬ ಲೆಕ್ಕ. ಮೂರು ಸೊನ್ನೆ ಇದ್ದರೆ ಸರಿಯಾಗಿ ಕಟ್ಟಿದ್ದೀರಿ. 30, 60, 90 ಎಂದು ಏರುತ್ತಿದ್ದರೆ ಸುಸ್ತಿ ಬೆಳೆಯುತ್ತಿದೆ ಎಂದರ್ಥ. ಮೂರು ಎಕ್ಸ್ ಇದ್ದರೆ ಆ ತಿಂಗಳ ಲೆಕ್ಕವನ್ನು ಬ್ಯಾಂಕು ಕಳಿಸಿಲ್ಲ. ಸಾಮಾನ್ಯ ಸಾಲ 90 ದಿನ ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಬೆಳೆಸಾಲಕ್ಕೆ ಬೇರೆ ನಿಯಮವಿದೆ: ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದ ಮೇಲೆಯೇ ಅದು ಎನ್‌ಪಿಎ. ರಾಗಿ, ಮೆಕ್ಕೆಜೋಳ ಬೆಳೆಯುವವರು ತಮ್ಮ ಬೆಳೆಸಾಲದ ಖಾತೆಯನ್ನು ಈ ಲೆಕ್ಕದಲ್ಲೇ ತಾಳೆ ನೋಡಬೇಕು.

ನಮ್ಮ ಭಾಗದ ವರದಿಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಬ್ಯಾಂಕುಗಳ ವಿಲೀನ. ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನಲ್ಲಿ ಸಾಲ ಎತ್ತಿದ ಹಿರಿಯರು ಇಲ್ಲಿ ಮನೆಮನೆಗೂ ಸಿಗುತ್ತಾರೆ. ಆ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿಗೆ ಸೇರಿತು. ಅದು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಇದರೊಳಗೆ ಬಂದು ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕಾಯಿತು, ಬಳ್ಳಾರಿಯಲ್ಲಿ ಅದರ ಕೇಂದ್ರ ಕಚೇರಿ. ಅತ್ತ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಎಲ್ಲೇ ಆಗಲಿ, ವಿಲೀನದ ಹೊತ್ತಿನಲ್ಲಿ ಖಾತೆ ಸಂಖ್ಯೆ ಬದಲಾಗಿದ್ದರೆ ಒಂದೇ ಸಾಲ ಹಳೆಯ ಹೆಸರಿನಲ್ಲಿ ಒಮ್ಮೆ, ಹೊಸ ಹೆಸರಿನಲ್ಲಿ ಇನ್ನೊಮ್ಮೆ ಉಳಿದುಬಿಡುವ ಸಾಧ್ಯತೆ ಇರುತ್ತದೆ. ನೀವು ತೀರಿಸಿದ್ದು ಹೊಸದು, ಬಾಕಿ ತೋರಿಸುತ್ತಿರುವುದು ಹಳೆಯದು ಎಂದಾಗುತ್ತದೆ. ‘ಆ ಬ್ಯಾಂಕೇ ಈಗ ಇಲ್ಲವಲ್ಲ, ಯಾರನ್ನು ಕೇಳೋಣ’ ಎಂದು ಕೈಬಿಡಬೇಡಿ. ವಿಲೀನವಾದ ಬ್ಯಾಂಕಿನ ಸಾಲವೂ ಹೊಣೆಯೂ ಹೊಸ ಬ್ಯಾಂಕಿನದೇ. ಹಳೆಯ ಪಾಸ್‌ಬುಕ್ಕು, ಬೇಬಾಕಿ ಪತ್ರ, ಪಹಣಿಯಲ್ಲಿ ಋಣ ಕಡಿಮೆಯಾದ ದಾಖಲೆ ಇವೆಲ್ಲ ಆಗ ಬೆಲೆಬಾಳುತ್ತವೆ.

ಹೆಸರಿನ ಗೊಂದಲವೂ ಇದೆ. ರಾಮಗಿರಿ ಬೆಟ್ಟದ ಮೇಲಿನ ಕರಿಸಿದ್ದೇಶ್ವರನ ಹೆಸರಿಟ್ಟುಕೊಂಡವರು ಒಂದೇ ಊರಿನಲ್ಲಿ ನಾಲ್ಕು ಜನ ಇರಬಹುದು. ತಂದೆಯ ಹೆಸರೂ ಇನಿಷಿಯಲ್ಲೂ ಒಂದೇ ಆಗಿಬಿಟ್ಟರೆ ಒಬ್ಬರ ಸಾಲ ಇನ್ನೊಬ್ಬರ ಲೆಕ್ಕಕ್ಕೆ ಹೋಗುವ ಅಪಾಯವಿದೆ. ಪಾನ್ ಕೊಡದೆ ಎತ್ತಿದ ಹಳೆಯ ಸಾಲಗಳಲ್ಲಿ ಇದನ್ನು ಎಚ್ಚರಿಕೆಯಿಂದ ನೋಡಬೇಕು.

ಜಾಮೀನಿನ ಕಥೆ ಇನ್ನೂ ನೋವಿನದು. ತಮ್ಮನಿಗೋ ಭಾವಮೈದುನನಿಗೋ ಜಾಮೀನು ಹಾಕಿ ಮರೆತವರು, ತಮಗೆ ಸಾಲ ಬೇಕಾದಾಗ ಆ ಸುಸ್ತಿ ತಮ್ಮ ವರದಿಯಲ್ಲಿ ಕಂಡು ಬೆಚ್ಚುತ್ತಾರೆ. ಜಾಮೀನುದಾರರ ವರದಿಯಲ್ಲಿ ಆ ಸಾಲ ಕಾಣುವುದು ನಿಯಮದಂತೆಯೇ, ಅದು ತಪ್ಪು ದಾಖಲೆಯಲ್ಲ. ಸಾಲ ತೀರುವವರೆಗೆ ಅದು ಹೋಗುವುದಿಲ್ಲ. ಹೆಣ್ಣುಮಕ್ಕಳ ಸಂಘದ ಸಾಲದಲ್ಲೂ ಇದೇ ಪಾಡು. ಪಕ್ಕದ ಮನೆಯವರಿಗಾಗಿ ತಮ್ಮ ಹೆಸರಿನಲ್ಲಿ ಮೈಕ್ರೊಫೈನಾನ್ಸ್ ಸಾಲ ಎತ್ತಿಕೊಟ್ಟ ಅಕ್ಕಂದಿರು, ಅವರು ಊರು ಬಿಟ್ಟ ದಿನದಿಂದ ತಾವೇ ಸುಸ್ತಿದಾರರು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಮೈಕ್ರೊ ಸಾಲದ ಸುಗ್ರೀವಾಜ್ಞೆ, ಮುಂದೆ ಕಾಯ್ದೆಯೂ ಆದದ್ದು, ವಸೂಲಿಯ ಕಿರುಕುಳಕ್ಕೆ ಕಡಿವಾಣ ಹಾಕಲು ಬಂದದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಸಾಲವನ್ನು ಅದು ಮನ್ನಾ ಮಾಡಲಿಲ್ಲ, ಸಿಬಿಲ್ ದಾಖಲೆಯನ್ನೂ ಅಳಿಸಲಿಲ್ಲ. ‘ಸರ್ಕಾರ ಮನ್ನಾ ಮಾಡೈತೆ, ಕಟ್ಟಬ್ಯಾಡ್ರಿ’ ಎಂದು ಯಾರೋ ಹೇಳಿದ್ದನ್ನು ನಂಬಿ ಕಂತು ನಿಲ್ಲಿಸಿದರೆ ಅದರ ಭಾರ ಕಟ್ಟದ ಹೆಣ್ಣುಮಗಳ ವರದಿಯ ಮೇಲೇ ಬೀಳುತ್ತದೆ.

ನಿಜವಾದ ಸಾಲ ಮನ್ನಾದ ಲೆಕ್ಕವನ್ನೂ ಕೆದಕಿ ನೋಡಬೇಕು. 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರ ಸಂಘಗಳ 50 ಸಾವಿರ ರೂಪಾಯಿವರೆಗಿನ ಬೆಳೆಸಾಲ ಮನ್ನಾ ಮಾಡಿತು. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ವಾಣಿಜ್ಯ ಬ್ಯಾಂಕುಗಳ 2 ಲಕ್ಷದವರೆಗಿನ, ಸಹಕಾರ ಸಂಘಗಳ 1 ಲಕ್ಷದವರೆಗಿನ ಬೆಳೆಸಾಲ ಮನ್ನಾ ಮಾಡಿತು. ಮಿತಿ ಮೀರಿದ ಬಾಕಿ ರೈತನ ಮೇಲೆಯೇ ಉಳಿಯಿತು. ಎಲ್ಲ ಮುಗಿಯಿತೆಂದುಕೊಂಡವರ ಖಾತೆಯಲ್ಲಿ ಆ ಉಳಿಕೆ ಬಡ್ಡಿ ಸೇರಿಸಿಕೊಂಡು ಬೆಳೆಯುತ್ತಲೇ ಹೋಗುತ್ತದೆ. ಪೂರ್ತಿ ಮನ್ನಾ ಆಗಿದ್ದರೆ ಬ್ಯಾಂಕಿನಿಂದ ಲಿಖಿತ ಪತ್ರ ಪಡೆದು, ವರದಿಯಲ್ಲಿ ಬಾಕಿ ಸೊನ್ನೆ ಎಂದು ಬಂದಿದೆಯೇ ನೋಡಬೇಕು. ‘ರೈಟ್ ಆಫ್’ ಎಂದು ಕಂಡರೆ ಅದನ್ನು ಮನ್ನಾ ಎಂದು ತಿಳಿಯಬೇಡಿ. ಅದು ಬ್ಯಾಂಕು ತನ್ನ ಪುಸ್ತಕದಲ್ಲಿ ಮಾಡಿಕೊಂಡ ಹೊಂದಾಣಿಕೆ. ಸಾಲ ಹಾಗೆಯೇ ಇದೆ, ವಸೂಲಿಯ ಹಕ್ಕೂ ಇದೆ, ಹೊಸ ಸಾಲ ಕೊಡುವವರಿಗೆ ಅದು ಬಹಳ ಕೆಟ್ಟದಾಗಿ ಕಾಣುತ್ತದೆ.

ಇನ್ನು ತಿದ್ದಿಸುವ ಕೆಲಸ. ಯಾವ ಕಂಪನಿಯ ವರದಿಯಲ್ಲಿ ತಪ್ಪಿದೆಯೋ ಅದರ ಜಾಲತಾಣದಲ್ಲೇ ತಕರಾರು ದಾಖಲಿಸಬಹುದು. ಅದರ ಜೊತೆಗೆ ಸಾಲ ಕೊಟ್ಟ ಶಾಖೆಗೂ ಒಂದು ಅರ್ಜಿ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬ್ಯಾಂಕು ಒಪ್ಪದೆ ಸಿಬಿಲ್ ಕಂಪನಿ ಅಕ್ಷರವನ್ನೂ ಬದಲಿಸದು. ಕನ್ನಡದಲ್ಲೇ, ಒಂದು ಪುಟ ಸಾಕು. ‘ಇಂಥ ಖಾತೆಯ ಸಾಲವನ್ನು ಇಂಥ ದಿನ ಪೂರ್ತಿ ತೀರಿಸಿದ್ದೇನೆ, ಬೇಬಾಕಿ ಪತ್ರ ಲಗತ್ತಿಸಿದೆ, ನನ್ನ ಕ್ರೆಡಿಟ್ ವರದಿಯಲ್ಲಿ ಇನ್ನೂ ಇಷ್ಟು ಬಾಕಿ ತೋರಿಸುತ್ತಿದೆ, ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ತಿದ್ದಿದ ಮಾಹಿತಿ ಕಳಿಸಬೇಕು’ ಎಂದು ಬರೆದು, ವರದಿಯ ಆ ಪುಟದ ನಕಲು ಇಟ್ಟು, ಎರಡನೆಯ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಶಾಖೆಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಯಾವ ಲೆಕ್ಕವೂ ಇರುವುದಿಲ್ಲ.

ಆ ಸೀಲಿನ ದಿನಾಂಕಕ್ಕೆ ಬೆಲೆ ಇದೆ. ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಅದರಲ್ಲಿ 21 ದಿನ ಬ್ಯಾಂಕಿಗೆ, ಉಳಿದದ್ದು ಕ್ರೆಡಿಟ್ ಕಂಪನಿಗೆ. ತಡವಾದರೆ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿತು, 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ತಿದ್ದುವುದಿಲ್ಲ ಎಂದರೆ ಏಕೆ ಎಂದು ಕಾರಣವನ್ನೂ ಹೇಳಬೇಕು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. 2022ರ ಸೆಪ್ಟೆಂಬರಿನಿಂದ ಕ್ರೆಡಿಟ್ ಕಂಪನಿಗಳೂ ಆ ವ್ಯಾಪ್ತಿಯಲ್ಲಿವೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀವು ಎತ್ತದೇ ಇರುವ ಆ್ಯಪ್ ಸಾಲ ನಿಮ್ಮ ಪಾನ್ ಮೇಲೆ ಕಂಡರೆ ತಡಮಾಡದೆ 1930ಕ್ಕೆ ಸೈಬರ್ ವಂಚನೆ ದೂರು ಕೊಟ್ಟು, ಆ ದೂರಿನ ಪ್ರತಿಯನ್ನು ತಕರಾರಿಗೆ ಲಗತ್ತಿಸಿ.

ವರದಿಯಲ್ಲಿರುವುದು ನಿಜವೇ ಆಗಿದ್ದರೆ? ಆಗ ದಾರಿ ನಿಧಾನದ್ದು. ಬಹಳ ಜನ ಎಡವುವುದು ಒಟಿಎಸ್‌ನಲ್ಲಿ, ಅಂದರೆ ಕಡಿಮೆ ಮೊತ್ತ ಕಟ್ಟಿ ಒಂದೇ ಬಾರಿಗೆ ಮುಗಿಸುವ ಒಪ್ಪಂದದಲ್ಲಿ. ಲೋಕ ಅದಾಲತ್ತಿನಲ್ಲೋ ವಸೂಲಿ ಶಿಬಿರದಲ್ಲೋ ‘ಎರಡು ಲಕ್ಷದ ಬದಲು ಒಂದು ಲಕ್ಷ ಕಟ್ಟಿ ಮುಗಿಸಿ’ ಎಂದಾಗ ಯಾರಿಗಾದರೂ ಆಸೆಯಾಗುತ್ತದೆ. ಕಟ್ಟಿದ ಮೇಲೆ ವರದಿಯಲ್ಲಿ ‘ಕ್ಲೋಸ್ಡ್’ ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಬ್ಯಾಂಕು ನಷ್ಟ ಮಾಡಿಕೊಂಡು ಬಿಟ್ಟುಕೊಟ್ಟ ಸಾಲ ಎಂದು ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಬೇರೆ ದಾರಿಯೇ ಇಲ್ಲದವರಿಗೆ ಒಟಿಎಸ್ ಒಂದು ಬಿಡುಗಡೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಎರಡು ಮೂರು ವರ್ಷದಲ್ಲಿ ಮತ್ತೆ ಸಾಲ ಬೇಕಾಗಬಹುದು ಎನ್ನುವವರು ಬಡ್ಡಿಯಲ್ಲಿ ರಿಯಾಯಿತಿ ಕೇಳಿ, ಕಂತು ಮಾಡಿಸಿಕೊಂಡು ಪೂರ್ತಿ ತೀರಿಸುವುದೇ ಲೇಸು. ಈಗಾಗಲೇ ಸೆಟಲ್ಡ್ ಆಗಿದ್ದರೆ, ಬಿಟ್ಟ ಮೊತ್ತವನ್ನು ಕಟ್ಟಿ ಕ್ಲೋಸ್ಡ್ ಮಾಡಿಕೊಡುತ್ತೀರಾ ಎಂದು ಬ್ಯಾಂಕಿಗೆ ಬರೆದು ಕೇಳಬಹುದು. ಒಪ್ಪಿಗೆ ಲಿಖಿತವಾಗಿ ಬಂದ ಮೇಲೆಯೇ ಹಣ ಕಟ್ಟಿ. ಸಾಲವನ್ನು ಬ್ಯಾಂಕು ಬೇರೆ ಕಂಪನಿಗೆ ಮಾರಿದ್ದರೆ ಬೇಬಾಕಿ ಪತ್ರ ಆ ಕಂಪನಿಯಿಂದ ಬರಬೇಕು.

ಆಮೇಲೆ ಹೊಸ ದಾಖಲೆ ಕಟ್ಟುವುದು. ಸಣ್ಣದೊಂದು ಚಿನ್ನದ ಸಾಲವನ್ನು ಹೇಳಿದ ದಿನಕ್ಕೆ ಬಿಡಿಸಿಕೊಂಡರೂ, ಠೇವಣಿಯ ಮೇಲೆ ಕೊಡುವ ಕಾರ್ಡನ್ನು ಮಿತಿಯ ಮೂರನೇ ಒಂದು ಭಾಗ ದಾಟದಂತೆ ಬಳಸಿ ತಿಂಗಳು ತಿಂಗಳು ಪೂರ್ತಿ ಕಟ್ಟಿದರೂ ಚೌಕಗಳಲ್ಲಿ ಸೊನ್ನೆಗಳು ಬೀಳುತ್ತಾ ಹೋಗುತ್ತವೆ. ಬೆಳೆಸಾಲವನ್ನು ವರ್ಷ ತುಂಬುವ ಮುಂಚೆ ರಿನಿವಲ್ ಮಾಡಿಸಿದವರಿಗೆ ದಾಖಲೆಯೂ ಚೆನ್ನಾಗಿರುತ್ತದೆ, 3 ಲಕ್ಷದವರೆಗಿನ ಕಿಸಾನ್ ಕಾರ್ಡ್ ಸಾಲದ 7ರ ಬಡ್ಡಿ 4ಕ್ಕೆ ಇಳಿಯುವ ಲಾಭವೂ ಸಿಗುತ್ತದೆ. ಮೊದಲ ಬಾರಿಗೆ ಸಾಲ ಕೇಳುವ ಮಕ್ಕಳಿಗೆ ಸಿಬಿಲ್ ಅಂಕವೇ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದೆಂದು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲೇ ಹೇಳಿದೆ. ಅಂಕ ಕಡಿಮೆ ಎಂದು ಶಿಕ್ಷಣ ಸಾಲ ನಿರಾಕರಿಸಬಾರದೆಂದು 2023ರಲ್ಲಿ ಕೇರಳ ಹೈಕೋರ್ಟ್ ತೀರ್ಪು ಕೊಟ್ಟಿದೆ. ಇಲ್ಲಿನ ಬ್ಯಾಂಕುಗಳಿಗೆ ಅದು ಕಟ್ಟಪ್ಪಣೆಯಲ್ಲ, ಆದರೂ ಅರ್ಜಿಯಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಈಗ ಮಳೆಯ ಮಾತು. ಬರ ಅಥವಾ ನೆರೆಯಿಂದ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದ ಕಡೆ ಸಾಲದ ಅವಧಿ ವಿಸ್ತರಿಸಿ ಮರುಹೊಂದಿಸಿಕೊಡಲು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಅವಕಾಶ ಕೊಟ್ಟಿತು: ನಷ್ಟ ಅರ್ಧದವರೆಗಿದ್ದರೆ ಎರಡು ವರ್ಷದ ತನಕ, ಅದಕ್ಕೂ ಹೆಚ್ಚಿದ್ದರೆ ಐದು ವರ್ಷದ ತನಕ, ಮೊದಲ ಒಂದು ವರ್ಷವಾದರೂ ಕಂತಿಲ್ಲದೆ. ಹಾಗೆ ಮರುಹೊಂದಿಸಿದ ಸಾಲದ ಎದುರಿಗೆ ಕ್ರೆಡಿಟ್ ವರದಿಯಲ್ಲಿ ‘ನೈಸರ್ಗಿಕ ವಿಕೋಪದಿಂದ ಮರುಹೊಂದಿಸಿದ್ದು’ ಎಂದು ಬರೆಯಲು ಪ್ರತ್ಯೇಕ ನಮೂದೇ ಇದೆ. ಸುಸ್ತಿದಾರ ಎಂಬ ಹಣೆಪಟ್ಟಿಗೂ ಇದಕ್ಕೂ ಬಹಳ ಅಂತರ. ಆದರೆ ಇದು ತಾನಾಗಿ ಆಗುವುದಿಲ್ಲ. ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾದ ಕೂಡಲೇ, ಕಂತು ತಪ್ಪುವ ಮೊದಲೇ, ಪಹಣಿಯ ಬೆಳೆ ನಮೂದು ಮತ್ತು ಬೆಳೆ ನಷ್ಟದ ದಾಖಲೆ ಇಟ್ಟು ಶಾಖೆಗೆ ಅರ್ಜಿ ಕೊಡಬೇಕು. ರೈತ ಸಂಘಟನೆಗಳು ಕೃಷಿ ಸಾಲಕ್ಕೆ ಸಿಬಿಲ್ ನೋಡಬಾರದೆಂದು ಒತ್ತಾಯಿಸುತ್ತಲೇ ಬಂದಿವೆ. ಆ ಬೇಡಿಕೆಯ ಜೊತೆಗೆ ಪ್ರತಿ ಬರಗಾಲದಲ್ಲೂ ಹೋಬಳಿಗೊಂದು ಶಿಬಿರ ನಡೆಸಿ ಈ ಅರ್ಜಿಗಳನ್ನು ಬರೆಸಿಕೊಳ್ಳುವಂತೆ ಜಿಲ್ಲೆಯ ಲೀಡ್ ಬ್ಯಾಂಕನ್ನೂ ಕೃಷಿ ಇಲಾಖೆಯನ್ನೂ ಅವು ಹಿಡಿದು ಕೇಳಬೇಕು.

ಅಮೆರಿಕದಲ್ಲಿ ಸಾಲದ ದಾಖಲೆ ಸರಿಪಡಿಸುತ್ತೇವೆ ಎನ್ನುವವರು ಕೆಲಸ ಮುಗಿಸುವ ಮುನ್ನ ಹಣ ಕೇಳಬಾರದು ಎಂಬ ಕಾನೂನು 1996ರಲ್ಲೇ ಬಂತು. ಅಂಥದ್ದು ನಮಗೂ ಬೇಕು. ಅದು ಬರುವವರೆಗೆ ಏಜೆಂಟನಿಗೆ ಪಾನ್, ಆಧಾರ್, ಒಟಿಪಿ, ಮುಂಗಡ ಯಾವುದನ್ನೂ ಕೊಡಬೇಡಿ. ಮುಂಗಾರು ಬಿತ್ತನೆಗೆ ಸಾಲ ಬೇಕಾಗುವ ಮೊದಲೇ ನಿಮ್ಮ ವರದಿ ತರಿಸಿ ಓದಿ, ತಪ್ಪಿದ್ದರೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಒಂಬುಡ್ಸ್‌ಮನ್‌ಗೆ ದೂರು ಕೊಡುವುದು ಹೇಗೆಂದು ತಿಳಿಯಲು ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ.